ಕುಂಕುಮದ ಬಟನ್ನು

ನಾನು ಗಣಿತದ ಮೇಡಂ ಆಗಿ ಸಾಗರದಿಂದ ಹೊಸನಗರದ ಹೈಸ್ಕೂಲಿಗೆ ವರ್ಗವಾಗಿ ಬಂದದ್ದು ಎಂಬತ್ತರ ದಶಕದ ನಡುವೆ. ಟ್ರಂಕು, ಹಾಸಿಗೆ ಸುರುಳಿ, ನನ್ನ ಸಿಟ್ಟು, ಮೂರೂ ಒಂದೇ ಬಸ್ಸಿನಿಂದ ಇಳಿದವು. ಮೂಗಿನ ತುದಿಯಲ್ಲಿ ಕೋಪ ಎಂಬ ಮಾತನ್ನು ಯಾರೋ ನನ್ನನ್ನು ನೋಡಿಯೇ ಮಾಡಿರಬೇಕು. ಮೊದಲ ವಾರವೇ ಸ್ಟಾಫ್ ರೂಮಿನ ಕಿಟಕಿ ತೆರೆಯುವ ವಿಷಯಕ್ಕೆ ಒಬ್ಬರ ಜೊತೆ, ಟೈಂಟೇಬಲ್ಲಿನ ವಿಷಯಕ್ಕೆ ಇನ್ನೊಬ್ಬರ ಜೊತೆ ಜಗಳವಾಯಿತು. ಆಮೇಲೆ ನನ್ನ ಹತ್ತಿರ ಯಾರೂ ಬೇಡದ ಮಾತು ಆಡುತ್ತಿರಲಿಲ್ಲ. ಸ್ವಲ್ಪ ದಿನದಲ್ಲಿ ಬೇಕಾದ ಮಾತೂ ನಿಂತಿತು.

ನಿಲ್ಲಿಸದವರು ಕನ್ನಡ ಪಂಡಿತರು ಒಬ್ಬರೇ. ತೀರ್ಥಹಳ್ಳಿಯ ಆಚೆ, ಮೇಗರವಳ್ಳಿ ಹತ್ತಿರದ ಹಳ್ಳಿಯವರು. ಗದ್ದೆ, ಮನೆ ಎಲ್ಲ ಇದ್ದ ಗೌಡರ ಮನೆತನ. ವಾರವಿಡೀ ಹೊಸನಗರದಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಮಧ್ಯಾಹ್ನ ಊರಿಗೆ ಹೋಗುತ್ತಿದ್ದರು. ಬಿಳಿ ಪಂಚೆ, ಬೇಸಿಗೆಯಲ್ಲೂ ಬಿಡದ ಕೊಡೆ, ಯಾವ ಕೆಲಸಕ್ಕೂ ಅವಸರವಿಲ್ಲದ ನಡಿಗೆ. ನಿವೃತ್ತಿಗೆ ಇನ್ನು ಒಂದು ವರ್ಷವೂ ಉಳಿದಿರಲಿಲ್ಲ. ನನ್ನ ಸಿಟ್ಟನ್ನು ಅವರು ಮನೆಯ ಜಗಲಿಯ ಮೇಲೆ ಕೂತು ಮಳೆ ನೋಡುವ ಹಾಗೆ ನೋಡುತ್ತಿದ್ದರು. ಅದು ನಿಂತ ಮೇಲೆ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಮಾತು ಮುಂದುವರಿಸುತ್ತಿದ್ದರು.

ನಮ್ಮಿಬ್ಬರಿಗೆ ದಿನಾ ಸಂಜೆ ಒಂದು ತಕರಾರು ಇರುತ್ತಿತ್ತು. ನಾನು ಚೀಲ ಹೆಗಲಿಗೇರಿಸಿ "ಪಂಡಿತ್ರೆ, ನಾನು ಹೋಗ್ತೀನಿ" ಎನ್ನುತ್ತಿದ್ದೆ.

"ಹೋಗ್ತೀನಿ ಅನ್ಬಾರ್ದು ಮೇಡಂ. ಬರ್ತೀನಿ ಅನ್ನಿ."

"ಹೋಗ್ತಾ ಇರೋದು ನಿಜ. ಬರ್ತೀನಿ ಅನ್ನೋದು ಸುಳ್ಳು. ನಾನು ಗಣಿತದವಳು, ಸುಳ್ಳು ಹೇಳಲ್ಲ."

ಈ ವಾದ ನನಗೆ ಹೊಸದೂ ಅಲ್ಲ. ಸಾಗರದ ಮನೆಯಲ್ಲಿ ಅಮ್ಮ ನನ್ನನ್ನು ಎಷ್ಟು ಸಲ ಬಾಗಿಲಿನಿಂದ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, "ಕೂಸೇ, ಹೋಗ್ತಿ ಹೇಳಲಾಗ, ಬತ್ತಿ ಹೇಳವು" ಎಂದು ತಿದ್ದಿ ಕಳಿಸಿದ್ದಳೋ ಲೆಕ್ಕವಿಲ್ಲ. ಹೊರಡುವಾಗ ಹೋಗುತ್ತೇನೆ ಎಂದರೆ ಅಪಶಕುನವಂತೆ, ಹೋದವರು ತಿರುಗಿ ಬರುವುದಿಲ್ಲವಂತೆ. ನಾನೋ ಹೋಗುತ್ತೇನೆ ಎಂದೇ ಹೋಗಿ ಪ್ರತಿ ಸಲವೂ ತಿರುಗಿ ಬಂದವಳು. ಇದಕ್ಕಿಂತ ಒಳ್ಳೆಯ ಪುರಾವೆ ಬೇಕೆ ಎಂದು ಅಮ್ಮನಿಗೂ ಹೇಳಿದ್ದೆ, ಪಂಡಿತರಿಗೂ ಹೇಳಿದೆ. ಅವರು ನಕ್ಕು ಕೊಡೆ ಎತ್ತಿಕೊಂಡು "ಬರ್ತೀನಿ" ಎಂದು ಹೋಗುತ್ತಿದ್ದರು.

ಆ ವರ್ಷ ಜೂನಿನಲ್ಲಿ ನಮ್ಮ ಶಾಲೆಗೆ ಸರ್ಕಾರದಿಂದ ಒಂದು ಕಂಪ್ಯೂಟರು ಬಂತು. ಟೀವಿಯಂಥ ಒಂದು ಪೆಟ್ಟಿಗೆ, ಬಟನ್ನುಗಳ ಒಂದು ಹಲಗೆ, ಫ್ಲಾಪಿಗಳ ಒಂದು ಡಬ್ಬ. ಶಿವಮೊಗ್ಗದಲ್ಲಿ ಹದಿನೈದು ದಿನ ತರಬೇತಿ ಪಡೆದು ಬಂದವಳು ನಾನೊಬ್ಬಳೇ ಆದ್ದರಿಂದ ಅದರ ಕೋಣೆಯ ಬೀಗದ ಕೈ ನನ್ನ ಸೆರಗಿನ ತುದಿಗೆ ಬಂತು. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಹಾಗೆಂದು ತರಬೇತಿಯಲ್ಲೇ ಹೇಳಿದ್ದರು. ಧೂಳಾಗದಿರಲಿ ಎಂದು ಅವರು ಹೇಳಿದ್ದು. ನಮ್ಮ ಅಟೆಂಡರು, ಊರಿನ ಮಾರಿಗುಡಿಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಹಿರಿಯರು, ಅದನ್ನು ಬೇರೆಯೇ ಅರ್ಥದಲ್ಲಿ ತೆಗೆದುಕೊಂಡು, ಬಾಗಿಲು ದಾಟುವಾಗ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಮಕ್ಕಳಿಗೆ ವಾರಕ್ಕೆ ಒಂದೊಂದು ಪೀರಿಯಡ್ಡು. ಶಾಲೆ ಬಿಟ್ಟ ಮೇಲೆ ಅದು ನನ್ನದು. ಡಬ್ಬದಲ್ಲಿದ್ದ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿದ್ದೆ. ಕೂಡುವ ಲೆಕ್ಕ, ದೇಶಗಳ ರಾಜಧಾನಿ, ಹೀಗೆ. ಕೊನೆಯದಕ್ಕೆ ಚೀಟಿಯೇ ಇರಲಿಲ್ಲ. ಹಾಕಿದರೆ ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳಲ್ಲಿ ಒಂದು ಕೋಣೆ ಮೂಡಿತು. ಕೋಣೆಯಲ್ಲಿ ಕಡ್ಡಿಯಂಥ ಒಬ್ಬ ಮನುಷ್ಯ. ಕೆಳಗೆ ಮೂರು ಇಂಗ್ಲಿಷ್ ವಾಕ್ಯ. ಅಷ್ಟರಲ್ಲಿ ಪಂಡಿತರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

"ಎಂತ ಬರ್ದಿದೆ ಮೇಡಂ?" ಎಂದರು. ಅವರಿಗೆ ಇಂಗ್ಲಿಷಿನ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಅರ್ಥ ಹತ್ತುತ್ತಿರಲಿಲ್ಲ.

ನಾನು ಕನ್ನಡ ಮಾಡಿ ಓದಿದೆ. "ನೀನು ಬಂದೆ. ಕೋಣೆ ಕತ್ತಲಾಗಿದೆ. ನಿನ್ನ ಕೈಯಲ್ಲಿ ದೀಪವಿದೆ."

"ಓಹೋ," ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು. ಆ ಕುರ್ಚಿಯಿಂದ ಅವರು ಫೆಬ್ರವರಿಯವರೆಗೆ ಏಳಲಿಲ್ಲ ಎಂದರೆ ಹೆಚ್ಚೇನೂ ತಪ್ಪಲ್ಲ.

ಆಟ ಇಷ್ಟೇ. ಒಂದು ಮನೆ, ಅದರೊಳಗೆ ಒಂದರ ಹಿಂದೆ ಒಂದರಂತೆ ಏಳು ಕೋಣೆ. ಪ್ರತಿ ಕೋಣೆಯಲ್ಲೂ ಒಂದು ತೊಡಕು. ಏನು ಮಾಡಬೇಕೆಂದು ಒಂದೆರಡು ಇಂಗ್ಲಿಷ್ ಪದದಲ್ಲಿ ಟೈಪ್ ಮಾಡಿ ಹಲಗೆಯ ಬಲಗಡೆಯ ದೊಡ್ಡ ಬಟನ್ ಒತ್ತಬೇಕು. ಸರಿಯಾದರೆ ಮುಂದಿನ ಬಾಗಿಲು ತೆರೆಯುತ್ತದೆ. ಟೈಪ್ ಮಾಡುವುದು ನನ್ನ ಕೆಲಸ, ದೊಡ್ಡ ಬಟನ್ ಒತ್ತುವುದು ಅವರದು. ಮಂಗಳಾರತಿಗೆ ಗಂಟೆ ಹೊಡೆಯುವವರ ಗಾಂಭೀರ್ಯದಿಂದ ಒತ್ತುತ್ತಿದ್ದರು. ಕಡ್ಡಿ ಮನುಷ್ಯ ಆ ಮೂಲೆಗೆ ಹೋಗಿ ಏನೂ ಆಗದೆ ಈ ಮೂಲೆಗೆ ವಾಪಸು ಬರುವುದನ್ನು ನೋಡಿ "ಹೋದ ಪುಟ್ಟ, ಬಂದ ಪುಟ್ಟ" ಎಂದರು. ಅಂದಿನಿಂದ ಅವನಿಗೆ ಪುಟ್ಟ ಎಂದೇ ಹೆಸರಾಯಿತು.

ಮೊದಲ ಕೋಣೆಯಲ್ಲೇ ನನಗೆ ಮುಖಭಂಗ. ದೀಪ ಹಚ್ಚಿದೆ. ನಾಲ್ಕು ಗೋಡೆ ಕಂಡವು, ಬಾಗಿಲು ಕಾಣಲಿಲ್ಲ. ಗೋಡೆ ತಳ್ಳಿದೆ, ಒದ್ದೆ, ನೆಲ ಅಗೆದೆ. ಎರಡು ಸಂಜೆ ಹೋಯಿತು. ಮೂರನೆಯ ದಿನ ಪಂಡಿತರು, "ದೀಪ ಆರ್ಸಿ ನೋಡಿ ಮೇಡಂ. ನಮ್ಮನೇಲಿ ಪಕ್ಕದ್ಮನೆಗೆ ಕರೆಂಟು ಬಂತಾ ಅಂತ ನೋಡದು ಹಂಗೇ" ಎಂದರು. ಆರಿಸಿದೆ. ಗೋಡೆಯ ಬುಡದಲ್ಲಿ ಬಾಗಿಲ ಸಂದಿನ ಬೆಳಕು ಗೆರೆಯಾಗಿ ಕಂಡಿತು. ನನಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಆಮೇಲೆ ಸಂತೋಷವೂ ಬಂತು.

ಇನ್ನೊಂದು ಕೋಣೆಯಲ್ಲಿ ಕನ್ನಡಿ. ಕನ್ನಡಿಯೊಳಗಿನ ಪುಟ್ಟನ ಕೈಯಲ್ಲಿ ಬೀಗದ ಕೈ ಇದೆ, ಈಚೆಯ ಪುಟ್ಟನ ಬಳಿ ಏನೂ ಇಲ್ಲವೆಂದು ಬರೆದಿತ್ತು. ನಾನು ಕನ್ನಡಿ ಒಡೆದೆ. ಪುಟ್ಟ ಸತ್ತ, ಆಟ ಮೊದಲಿಗೆ ಹೋಯಿತು. ಮತ್ತೆ ಬಂದು ಮತ್ತೆ ಒಡೆದೆ, ಈ ಸಲ ಇನ್ನೊಂದು ಕಡೆಯಿಂದ. ಮತ್ತೆ ಸತ್ತ. ಪಂಡಿತರು ತಡೆಯಲಾರದೆ, "ಕನ್ನಡೀಲಿ ಕಂಡಿದ್ದು ನಮ್ಮ ಕೈಲಿ ಇರ್ಲೇಬೇಕಲ್ಲ. ಮುಷ್ಟಿ ಬಿಡಿಸಿ ನೋಡ್ಕಳ್ಳಿ" ಎಂದರು. ಕೈ ನೋಡಿಕೋ ಎಂದು ಟೈಪ್ ಮಾಡಿದೆ. ಬೀಗದ ಕೈ ಇತ್ತು.

ಕರೆಂಟಿನ ಕಥೆ ಹೇಳದಿದ್ದರೆ ನಮ್ಮ ಸಾಹಸ ಅರ್ಥವಾಗುವುದಿಲ್ಲ. ನಮ್ಮ ಬಗಲಲ್ಲೇ ಶರಾವತಿಯ ನೀರು ನಿಲ್ಲಿಸಿ ನಾಡಿಗೆಲ್ಲ ಬೆಳಕು ಕೊಡುತ್ತಿದ್ದರು. ನಮಗೆ ಮಾತ್ರ ಹಿತ್ತಲ ಗಿಡ ಮದ್ದಲ್ಲ. ಸಂಜೆ ನಾಲ್ಕರಿಂದ ಐದೂವರೆಯೊಳಗೆ ಒಂದು ಸಲವಾದರೂ ಹೋಗುತ್ತಿತ್ತು. ಹೋದರೆ ಆಟವೂ ಹೋಯಿತು. ಐದನೆಯ ಕೋಣೆಯಲ್ಲಿದ್ದರೂ ಬಂದ ಮೇಲೆ ಮೊದಲಿನಿಂದಲೇ. ಪರದೆಯ ಮೇಲೆ ಮತ್ತೆ ಅದೇ ಸಾಲು: ನೀನು ಬಂದೆ. ನಾನು ಮೇಜು ಗುದ್ದುತ್ತಿದ್ದೆ. ಪಂಡಿತರು "ಪುನರ್ಜನ್ಮ ಮೇಡಂ. ಹಿಂದಿನ ಜನ್ಮದ್ದು ನೆನಪಿದೆಯಲ್ಲ, ಅದೇ ನಮ್ಮ ಪುಣ್ಯ" ಎಂದು ಸಮಾಧಾನ ಹೇಳುತ್ತಿದ್ದರು.

ದಸರೆಯಲ್ಲಿ ಇನ್ನೊಂದು ಅನಾಹುತವಾಯಿತು. ಆಯುಧಪೂಜೆಯ ದಿನ ಅಟೆಂಡರು ಕಂಪ್ಯೂಟರಿಗೆ ಸೇವಂತಿಗೆ ಹಾರ ಹಾಕಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹಲಗೆಯ ಆ ದೊಡ್ಡ ಬಟನ್ನಿಗೆ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿಬಿಟ್ಟಿದ್ದರು. ನಾನು ಕೂಗಾಡಿದೆ.

"ಎಲ್ಲದಕ್ಕೂ ಹಚ್ಲಿಲ್ಲ ಮೇಡಂ," ಎಂದರು ಅವರು. "ದೊಡ್ಡೋರು ಅದೊಂದೇ ಇದ್ರು, ಅವ್ರಿಗೆ ಮಾತ್ರ ಹಚ್ಚಿದೆ."

ಒರೆಸಿದಷ್ಟೂ ಕುಂಕುಮ ಹರಡಿ, ಬಟನ್ನಿನ ಮೇಲೆ ಬರೆದಿದ್ದ ಪದ ಪೂರ್ತಿ ಮುಚ್ಚಿಹೋಯಿತು. ಅಲ್ಲಿ ಏನು ಬರೆದಿತ್ತು ಎಂದು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ನಾನು "ಕುಂಕುಮ ಒತ್ತಿ" ಎನ್ನುತ್ತಿದ್ದೆ, ಪಂಡಿತರು ಒತ್ತುತ್ತಿದ್ದರು. ಶಾಲೆಯ ಮಕ್ಕಳಿಗೂ ಅದು ಕುಂಕುಮದ ಬಟನ್ನೇ ಆಯಿತು.

ಆರನೆಯ ಕೋಣೆಯಲ್ಲಿ ನಮಗೆ ಒಂದು ತಿಂಗಳು ಹಿಡಿಯಿತು. ಅಲ್ಲೊಂದು ಸಂಕ. ಹಳ್ಳಕ್ಕೆ ಅಡ್ಡ ಹಾಕಿದ ಒಂದೇ ಮರದ ದಿಮ್ಮಿ. ಪುಟ್ಟ ಕಾಲಿಟ್ಟ ಕೂಡಲೇ ಮುರಿಯುತ್ತಿತ್ತು. ದಾರಿಯುದ್ದಕ್ಕೂ ಸಿಕ್ಕಿದ ಹಗ್ಗ, ಕೊಡಲಿ, ಬೀಗದ ಕೈ, ದೀಪ ಎಲ್ಲವನ್ನೂ ನಾನು ಜೋಪಾನವಾಗಿ ಹೊರಿಸಿಕೊಂಡು ಬಂದಿದ್ದೆ. ಹಗ್ಗ ಬಿಟ್ಟು ನೋಡಿದೆ, ಕೊಡಲಿ ಬಿಟ್ಟು ನೋಡಿದೆ. ಮುರಿಯುವುದು ತಪ್ಪಲಿಲ್ಲ. ಒಂದು ಸೋಮವಾರ ಪಂಡಿತರು ನೆಂಟರ ಮನೆಗೆ ಹುಂಚಕ್ಕೆ ಹೋಗಿದ್ದವರು ನೇರ ಅಲ್ಲಿಂದಲೇ ಬಸ್ಸಿನಲ್ಲಿ ಬಂದರು. ಹಾಜರಿಗೆ ರುಜು ಹಾಕುವ ಮೊದಲೇ ನನ್ನ ಮೇಜಿಗೆ ಬಂದು ತಗ್ಗಿದ ದನಿಯಲ್ಲಿ, "ಬಸದೀಲಿ ನಿಂತಾಗ ಹೊಳೀತು ಮೇಡಂ. ಅಲ್ಲಿ ನಿಂತಿರೋ ಸ್ವಾಮಿ ಎಂತ ಇಟ್ಕೊಂಡಿದಾನೆ ಹೇಳಿ? ಮೈಮೇಲೆ ಒಂದು ನೂಲೂ ಇಲ್ಲ" ಎಂದರು.

"ದೀಪ ಬಿಟ್ರೆ ಮುಂದಿನ ಕೋಣೇಲಿ ಏನ್ಮಾಡ್ತೀರಿ?" ಎಂದು ನಾನು ರೇಗಿದೆ.

"ಅದು ಮುಂದಿನ ಕೋಣೆ ಪ್ರಶ್ನೆ. ಈಗಿಂದು ಇದು."

ಸಂಜೆ ಎಲ್ಲವನ್ನೂ ಬಿಟ್ಟುಬಿಡು ಎಂದು ಟೈಪ್ ಮಾಡಿದೆ. ಪುಟ್ಟ ಬರಿಗೈಯಲ್ಲಿ ಸಂಕ ದಾಟಿದ. ನಾವಿಬ್ಬರೂ ಒಟ್ಟಿಗೆ ಎದ್ದು ನಿಂತೆವು. ಪುಟ್ಟ ಆಚೆ ದಡ ಮುಟ್ಟುವವರೆಗೆ ಇಬ್ಬರೂ ಕೂರಲಿಲ್ಲ. ಅಂಥ ಖುಷಿ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಉಳಿದದ್ದು ಏಳನೆಯ ಕೋಣೆ. ಆಚೆ ಗೋಡೆಯಲ್ಲಿ ಕೊನೆಯ ಬಾಗಿಲು, ಅದರ ಹೊಸ್ತಿಲ ಮೇಲೆ ಒಬ್ಬ ಮುದುಕಿ. ಕೆಳಗೆ ಬರೆದಿತ್ತು: ಮುದುಕಿ ನಿನ್ನನ್ನು ನೋಡುತ್ತಿದ್ದಾಳೆ. ಹೊರಡುವವನು ಒಂದು ಮಾತು ಹೇಳಬೇಕು.

ಒಂದೇ ಒಂದು ಪದ. ಗೋ ಎಂದೆ. ಲೀವ್ ಎಂದೆ. ಎಕ್ಸಿಟ್, ಗುಡ್‌ಬೈ, ಥ್ಯಾಂಕ್ಸ್, ಎಲ್ಲ ಹೇಳಿದೆ. ಪ್ರತಿಯೊಂದಕ್ಕೂ ಒಂದೇ ಉತ್ತರ: ಅವಳು ಕಾಯುತ್ತಾಳೆ. ಇದು ತಮ್ಮ ವಿಷಯವೆಂದು ಪಂಡಿತರಿಗೆ ಹುರುಪು ಬಂತು. ಸತ್ಯ, ಪ್ರೇಮ, ಸಾವು, ಶಾಂತಿ, ಆತ್ಮ, ಮಾಯೆ, ಓಂ, ಒಂದೊಂದಕ್ಕೂ ಇಂಗ್ಲಿಷ್ ಮಾಡಿಸಿ ಕುಂಕುಮ ಒತ್ತಿದರು. ಅವಳು ಕಾಯುತ್ತಾಳೆ. ಹೇಳಿ ಮುಗಿದ ಪದಗಳನ್ನು ಮತ್ತೆ ಹೇಳದಿರಲು ಒಂದು ನೋಟ್‌ಬುಕ್ ಇಟ್ಟೆವು. ಆರು ಪುಟ ತುಂಬಿತು. ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಫೆಬ್ರವರಿ ಕೊನೆಯ ದಿನ ಪಂಡಿತರ ನಿವೃತ್ತಿ.

"ನಾನು ಎಸ್ಸೆಸ್ಸೆಲ್ಸೀಲಿ ಗಣಿತಕ್ಕೆ ಎರಡು ಸಲ ಕೂತು ಮೂರನೇ ಸಲಕ್ಕೆ ಪಾಸಾದವ," ಎಂದು ಒಂದು ಸಂಜೆ ಅವರು ಹೇಳಿದರು. "ಈ ಬಾಗ್ಲ ಹಿಂದೆ ಎಂತ ಇದೆ ಅಂತ ನೋಡ್ದೆ ಊರಿಗೆ ಹೋದ್ರೆ ಮತ್ತೆ ಫೇಲಾದ ಹಂಗೇ. ಅಲ್ಲಿ ನಂಗೆ ಯಾರು ತೆಗ್ದು ತೋರಿಸ್ತಾರೆ?"

ನನಗೂ ಅದೇ ಚಿಂತೆ. ಅವರ ಸಲುವಾಗಿ ಎಂದು ಹೇಳಿಕೊಳ್ಳುತ್ತಿದ್ದೆ, ನಿಜದಲ್ಲಿ ನನ್ನ ಸಲುವಾಗಿಯೂ ಹೌದು. ಆ ಊರಿನಲ್ಲಿ ನನಗಿದ್ದ ಗೆಳೆತನ ಅದೊಂದೇ. ಅದು ಮುಗಿಯುವುದಾದರೆ ಗೆದ್ದು ಮುಗಿಯಲಿ ಎಂಬ ಹಟ ಹತ್ತಿತು.

ಕೊನೆಯ ದಿನ ಮಧ್ಯಾಹ್ನ ಬೀಳ್ಕೊಡುಗೆ ಸಮಾರಂಭ. ಹಾರ, ಶಾಲು, ಫಲತಾಂಬೂಲ, ಭಾಷಣಗಳು. ಹೆಡ್‌ಮಾಸ್ಟರು ಅವರ ಸೇವೆಯನ್ನು ಹೊಗಳುತ್ತಿದ್ದರೆ ಪಂಡಿತರು ವೇದಿಕೆಯ ಮೇಲಿಂದ ನನ್ನ ಕಡೆ ನೋಡಿ ಕೈಗಡಿಯಾರ ತೋರಿಸುತ್ತಿದ್ದರು. ತೀರ್ಥಹಳ್ಳಿ ಬಸ್ಸು ಐದಕ್ಕೆ. ಸಮಾರಂಭ ಮುಗಿದಾಗ ನಾಲ್ಕು. ಇಬ್ಬರೂ ಹೆಚ್ಚುಕಡಿಮೆ ಓಡುತ್ತಾ ಕೋಣೆಗೆ ಬಂದು ಚಪ್ಪಲಿ ಕಳಚಿ ಸ್ವಿಚ್ ಹಾಕಿದರೆ, ಕರೆಂಟಿಲ್ಲ.

ಕೂತೆವು. ಅವರ ಕೊರಳಲ್ಲಿ ಇನ್ನೂ ಹಾರವಿತ್ತು. ನಾನು ಆ ದಿನ ಮೇಜು ಗುದ್ದಲಿಲ್ಲ, ಅಳು ಬರುವಂತಾಗಿತ್ತು. ನಾಲ್ಕೂವರೆಗೆ ಫ್ಯಾನು ತಿರುಗಿತು. ಎಂಟು ತಿಂಗಳ ದಾರಿಯನ್ನು ಆ ದಿನ ನಾವು ಹತ್ತೇ ನಿಮಿಷದಲ್ಲಿ ಮುಗಿಸಿದೆವು. ದೀಪ ಆರಿಸು, ಕುಂಕುಮ. ಕೈ ನೋಡು, ಕುಂಕುಮ. ಎಲ್ಲ ಬಿಡು, ಕುಂಕುಮ. ಮುದುಕಿಯ ಮುಂದೆ ಬಂದು ನಿಂತೆವು. ಕರ್ಮ, ಕರುಣೆ, ಕ್ಷಮೆ. ಅವಳು ಕಾಯುತ್ತಾಳೆ. ಹೊರಗಿನಿಂದ ಅಟೆಂಡರು ಬಂದು, "ಸಾರ್, ಬಸ್ಸು ಬಂತು. ಟ್ರಂಕು ಮೇಲೆ ಹಾಕ್ಸಿದೀನಿ. ಕಂಡಕ್ಟರಿಗೆ ಐದು ನಿಮ್ಷ ನಿಲ್ಸಕ್ಕೆ ಹೇಳಿದೀನಿ" ಎಂದರು.

ಪಂಡಿತರು ಎದ್ದರು. "ಆಗ್ಲಿಲ್ಲ ಮೇಡಂ. ಬಿಡಿ. ಎಲ್ಲಾ ಬಾಗ್ಲೂ ತೆಗೀಲೇಬೇಕು ಅಂತ ಎಲ್ಲಿದೆ?" ಎಂದರು. ಆ ಮಾತು ಅವರ ಮುಖಕ್ಕೆ ಹೊಂದುತ್ತಿರಲಿಲ್ಲ. ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿ, ಕೊಡೆ ತೆಗೆದುಕೊಂಡರು. ಆಮೇಲೆ ತಿರುಗಿ, ನನಗಲ್ಲ, ಪರದೆಯ ಮೇಲಿನ ಮುದುಕಿಗೆ, ಮನೆಯ ಹಿರಿಯರಿಗೆ ಹೇಳುವಂತೆ ಹೇಳಿದರು.

"ಬರ್ತೀನಿ ಅವ್ವ."

ನನಗೆ ಸರ್ರನೆ ಸಿಟ್ಟು ಬಂತು. ಇವತ್ತು ಒಂದು ದಿನವಾದರೂ ನಿಜ ಹೇಳಬಾರದೆ, ಟ್ರಂಕು ಸಹಿತ ಹೋಗುತ್ತಿರುವವರು ಬರ್ತೀನಿ ಎನ್ನುವುದೇನು ಎಂದು ಬಾಯಿ ತೆರೆದವಳು ಹಾಗೇ ನಿಂತೆ. ಹೊರಡುವವನು ಒಂದು ಮಾತು ಹೇಳಬೇಕು. ಹೊರಡುವವರು ನಮ್ಮಲ್ಲಿ ಏನು ಹೇಳುತ್ತಾರೆ? ನನ್ನೊಬ್ಬಳನ್ನು ಬಿಟ್ಟು, ಎಲ್ಲರೂ, ದಿನಾ ಏನು ಹೇಳುತ್ತಾರೆ?

"ಪಂಡಿತ್ರೆ, ನಿಲ್ಲಿ," ಎಂದೆ.

ಅದಕ್ಕೆ ಇಂಗ್ಲಿಷ್ ಏನು? ಕಮ್ ಎಂದು ಟೈಪ್ ಮಾಡಿ ನಾನೇ ಬಟನ್ ಒತ್ತಿದೆ. ಅವಳು ಕಾಯುತ್ತಾಳೆ. ಬೆರಳು ಇನ್ನೂ ಕುಂಕುಮದ ಬಟನ್ನಿನ ಮೇಲೆಯೇ ಇತ್ತು. ಐದು ತಿಂಗಳು ಪಂಡಿತರ ಬೆರಳು ಒತ್ತಿ ಒತ್ತಿ ನಡುವಿನ ಕುಂಕುಮ ಸವೆದಿತ್ತು. ಅದರ ಕೆಳಗಿನಿಂದ ಹಳೆಯ ಬಿಳಿ ಅಕ್ಷರಗಳು ಒಂದೊಂದಾಗಿ ಮೇಲೆದ್ದಿದ್ದವು. ನಾನು ಓದಿದೆ. ರಿಟರ್ನ್.

ತಿರುಗಿ ಬಾ. ತಿರುಗಿ ಬರುತ್ತೇನೆ. ಪ್ರತಿ ಪದದ ಕೊನೆಗೂ ಒತ್ತುತ್ತಿದ್ದದ್ದು ಅದನ್ನೇ, ಆದರೆ ಅದನ್ನೇ ಒಂದು ಮಾತಾಗಿ ಒಮ್ಮೆಯೂ ಹೇಳಿರಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆವು. ಆರು ಅಕ್ಷರ ಟೈಪ್ ಮಾಡಿ, "ಬನ್ನಿ, ಕುಂಕುಮ ಒತ್ತಿ" ಎಂದೆ. ಅವರು ಗಡಿಬಿಡಿಯಲ್ಲಿ ಚಪ್ಪಲಿ ಕಾಲಲ್ಲೇ ಒಳಗೆ ಬಂದರು. ನಾನು ತಡೆಯಲಿಲ್ಲ. ಅವರು ಒತ್ತಿದರು.

ಮುದುಕಿ ಪಕ್ಕಕ್ಕೆ ಸರಿದಳು. ಬಾಗಿಲು ತೆರೆಯಿತು. ಆಚೆ ಇದ್ದದ್ದು ಮೊದಲನೆಯ ಕೋಣೆ. ಅದೇ ನಾಲ್ಕು ಗೋಡೆ, ಅದೇ ಮೂಲೆ. ಕೆಳಗೆ ಎರಡು ಸಾಲು. ನಾನು ಕನ್ನಡ ಮಾಡಿ ಓದಿದೆ.

"ನೀನು ಬಂದೆ. ಕೋಣೆ ಬೆಳಕಾಗಿದೆ."

ಪಂಡಿತರು ಪರದೆಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ ಅವರ ಹೊಟ್ಟೆ ಕುಣಿಯತೊಡಗಿತು. ಹಾರ ಕುಣಿಯಿತು. ಕೊಡೆ ಕೈಯಿಂದ ಬಿತ್ತು. "ಮೇಡಂ, ಕರೆಂಟು ಹೋದಾಗೆಲ್ಲ ಇಲ್ಲಿಗೇ ಬರ್ತಿದ್ವಲ್ಲ ನಾವು," ಎಂದರು ನಗುವಿನ ನಡುವೆ. "ಕರೆಂಟಿನೋರು ದಿನಾ ಪುಕ್ಕಟೆ ತಂದು ಬಿಡ್ತಿದ್ರು. ನೀವು ಮೇಜು ಗುದ್ತಿದ್ರಿ." ನಾನೂ ನಕ್ಕೆ. ನಗುತ್ತಾ ಅತ್ತೆ. ಅಟೆಂಡರಿಗೆ ಏನೂ ಅರ್ಥವಾಗದಿದ್ದರೂ ಯಂತ್ರಕ್ಕೆ ಕೈ ಮುಗಿದರು.

ಬಸ್ಸಿನವರೆಗೆ ನಾನೇ ಕೊಡೆ ಹಿಡಿದುಕೊಂಡು ಹೋದೆ. ಅವರು ಕಿಟಕಿಯ ಪಕ್ಕ ಕೂತರು. ಬಸ್ಸು ಹೊರಟಿತು.

"ಬರ್ತೀನಿ ಮೇಡಂ."

"ಹೋಗಿ ಬನ್ನಿ ಪಂಡಿತ್ರೆ," ಎಂದೆ. ಯಾರಿಗಾದರೂ ಹಾಗೆ ಹೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಅವರು ಕಿಟಕಿಯಿಂದ ಪೂರ್ತಿ ತಲೆ ಹೊರಗೆ ಹಾಕಿ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ, "ಪಾಸಾದ್ರಿ ಮೇಡಂ" ಎಂದರು.

ಜೂನಿನಲ್ಲಿ ಶಾಲೆ ಶುರುವಾದ ಎರಡನೆಯ ವಾರ, ಸಂಜೆ ನಾಲ್ಕಕ್ಕೆ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡುವ ಸದ್ದಾಯಿತು. ಕೊಡೆಯನ್ನು ಗೋಡೆಗೆ ಒರಗಿಸಿ, ತಮ್ಮ ಕುರ್ಚಿ ಎಳೆದುಕೊಂಡು ಕೂತರು. ಚೀಟಿಯಿಲ್ಲದ ಫ್ಲಾಪಿ ಹಾಕಿದೆ. ಹಸಿರು ಗೆರೆಗಳ ಕೋಣೆ ಮೂಡಿತು. ನಾನು ಎಂದಿನಂತೆ ಕನ್ನಡ ಮಾಡಿ ಓದಲು ಹೊರಟರೆ ಅವರು ಕೈ ಅಡ್ಡ ಹಿಡಿದರು.

"ಇದೊಂದು ಸಾಲು ನಂಗೆ ಬರತ್ತೆ ಮೇಡಂ," ಎಂದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟು, ಒಂದನೇ ತರಗತಿಯ ಮಗುವಿನಂತೆ ನಿಧಾನವಾಗಿ ಓದಿದರು. "ನೀನು ಬಂದೆ."